ಮೇಲಿನ ಸಾಲಿನ ಓರೆ ಹಲ್ಲು

ಅಲ್ಲ, ದೀಪದ ನೆರಳಿರಬೇಕು, ಇಂಥ ದೊಡ್ಡ ಹೋಟೆಲಿನವರು ಬೆಳಕನ್ನು ಇಷ್ಟು ಮಂಕು ಮಾಡಿಟ್ಟರೆ ತಟ್ಟೆಯಲ್ಲಿರುವುದನ್ನೇ ತಡಕಿ ತಿನ್ನಬೇಕು, ಪಕ್ಕದ ಮೇಜಿನವರ ಬಾಯಿ ಎಲ್ಲಿ ಕಾಣಬೇಕು — ಆದರೂ ಕಂಡಿತಲ್ಲ, ಆಕೆ ನಕ್ಕಾಗ, ಎಪ್ಪತ್ತು ದಾಟಿದ ಹೆಂಗಸು, ಮೇಲಿನ ಸಾಲಿನ ನಡುವಿನ ಜೋಡಿಗೆ ಎಡಪಕ್ಕದ ಹಲ್ಲು ಕೂದಲೆಳೆಯಷ್ಟು ಓರೆ, ನೆರೆಯ ಹಲ್ಲಿಗೆ ಭುಜ ಆನಿಸಿದ ಹಾಗೆ, ಅಷ್ಟರಲ್ಲಿ ತುಟಿ ಮುಚ್ಚಿಬಿಟ್ಟಳು, ಇನ್ನೊಂದು ಸಲ ನಗಬಾರದೇ ಮಹಾತಾಯಿ. ಏನ್ರೀ, ಮೆನು ನೋಡಿ ಅಂದ್ರೆ ಕಂಡೋರ ಬಾಯಿ ನೋಡ್ತೀರಲ್ಲ, ಅಂದಳು ಹೆಂಡತಿ, ನೋಡ್ತಾ ಇದ್ದೀನಿ ಕಣೇ ಅಂದ ಅವನು, ಮೆನುವಿನಲ್ಲಿ ಬೇಳೆಗೂ ನಾಲ್ಕು ಸಾಲಿನ ಪರಿಚಯ, ಯಾವ ಕೆಂಡದ ಮೇಲೆ ಎಷ್ಟು ಗಂಟೆ ಕೂತಿತ್ತು ಅಂತ, ಅವನು ಮೂವತ್ತೊಂದು ವರ್ಷ ಮಾಡಿದ ಹಲ್ಲಿನ ಸೆಟ್ಟುಗಳಿಗೆ ಯಾರೂ ಅರ್ಧ ಸಾಲೂ ಬರೆದಿರಲಿಲ್ಲ, ಒಂದು ನಂಬರು, ಅಷ್ಟೇ, ಪ್ಲಾಸ್ಟರಿನ ಅಚ್ಚು ಡಬ್ಬದಲ್ಲಿ ಬರುತ್ತಿತ್ತು, ಮೇಣದಲ್ಲಿ ಹಲ್ಲು ಕೂರಿಸಿ, ಒಸಡು ತೀಡಿ, ಹೊಳಪು ಕೊಟ್ಟು ಅದೇ ಡಬ್ಬದಲ್ಲಿ ಡಾಕ್ಟರಿಗೆ ಕಳಿಸುವುದು, ಆಮೇಲೆ ಅದು ಯಾರದೋ ಬಾಯಿ ಸೇರಿತೋ, ಇಲ್ಲ ಬಚ್ಚಲಿನ ಗೂಡಿನಲ್ಲಿ ನೀರಿನ ಲೋಟದೊಳಗೆ ಮುಳುಗಿ ಕೂತಿತೋ ದೇವರಿಗೇ ಗೊತ್ತು, ವಾಪಸು ಬರಲಿಲ್ಲ ಅಂದರೆ ಸರಿಹೋಗಿದೆ ಅಂದುಕೊಳ್ಳಬೇಕು. ಇವತ್ತಿಗೆ ಅದೂ ಮುಗಿಯಿತು, ಲ್ಯಾಬಿನವರು ಹೂಗುಚ್ಛ ಕೊಟ್ಟು ಕೈಕುಲುಕಿದರು, ಮೂಲೆಯಲ್ಲಿ ಹೊಸ ಯಂತ್ರ, ಅಚ್ಚೂ ಬೇಡ ಮೇಣವೂ ಬೇಡ, ಹಲ್ಲು ತಾನಾಗಿ ಪದರ ಪದರವಾಗಿ ಎದ್ದು ಬರುತ್ತದೆ, ಹೋಗುವ ಮುಂಚೆ ಅವನೂ ಬಗ್ಗಿ ಬಗ್ಗಿ ನೋಡಿದ, ಕೋಪ ಬರಬೇಕಿತ್ತು, ಸೋಜಿಗವೇ ಆಯಿತು, ಎಷ್ಟು ಚೊಕ್ಕ, ಎಲ್ಲ ಹಲ್ಲೂ ಕವಾಯತಿಗೆ ನಿಂತ ಹಾಗೆ ನೇರ. ನೇರ — ಆ ಡಾಕ್ಟರು ಅಂದದ್ದೂ ಅದೇ ಅಲ್ಲವೇ, ಒಂಬತ್ತು ವರ್ಷದ ಹಿಂದೆ, ಫೋನಿನಲ್ಲಿ, ಹಲ್ಲು ನೇರಕ್ಕೆ ಕೂರಿಸೋಕೆ ಬರಲ್ವೇನಯ್ಯಾ ನಿನಗೆ, ಆ ಸಲ ಅಚ್ಚಿನ ಜೊತೆ ಡಬ್ಬದಲ್ಲಿ ಒಂದು ಹಳೆಯ ಫೋಟೋ ಇತ್ತು, ಯಾಕೆ ಹಾಕಿದ್ದರೋ, ಹರೆಯದ ಹುಡುಗಿ ಗಾಳಿಗೆ ಕೂದಲು ಹಿಡಿದುಕೊಂಡು ನಗುತ್ತಿದ್ದಳು, ಒಂದು ಹಲ್ಲು ಓರೆ, ಫೋಟೋ ಕೊಟ್ಟ ಮೇಲೆ ಅದನ್ನು ನೋಡದ ಹಾಗೆ ಇರುವುದು ಹೇಗೆ, ಮೇಣ ಬಿಸಿಮಾಡಿ ಆ ಹಲ್ಲನ್ನು ತುಸು ತಿರುಗಿಸಿಯೇಬಿಟ್ಟ, ಹಾಗೇ ಇರಲಿ ಸಾರ್, ಅವರ ಹಲ್ಲು ಹಾಗೇ ಇತ್ತು, ಅಂದಿದ್ದ ಅವನು, ಸರಿ, ವಾಪಸ್ ಬಂದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ, ಅಂತ ಡಾಕ್ಟರು ಫೋನು ಇಟ್ಟರು, ಎಷ್ಟು ತಿಂಗಳು ಆ ಡಬ್ಬದ ದಾರಿ ಕಾದನೋ, ಬರಲೇ ಇಲ್ಲ.

ಬಿಳಿ ಕೈಗವಸಿನ ಬಡಿಸುವವನು ಗಾಜಿನ ಮುಚ್ಚಳ ಎತ್ತಿದ, ಒಳಗಿದ್ದ ಹೊಗೆ ಮೇಜಿನ ಮೇಲೆಲ್ಲ ಹರಿಯಿತು, ಅಯ್ಯೋ ಸೀದುಹೋಯ್ತಾ, ಅಂದಳು ಹೆಂಡತಿ, ಇಲ್ಲ ಮೇಡಂ, ಪರಿಮಳಕ್ಕೆ ಅಂತ, ಹೊಗೆ ಸರಿದರೆ ಇಷ್ಟಗಲದ ತಟ್ಟೆಯಲ್ಲಿ ಎರಡೇ ಎರಡು ಪನೀರಿನ ತುಂಡು, ಹೊರಗೆ ಕಂದು, ಒಳಗೆ ಬೆಳ್ಳಗೆ, ಆ ಕಡೆಯ ಮೇಜಿಗೂ ಅದೇ ಬಂದಿದೆ, ಈಗ ಕಚ್ಚುತ್ತಾಳೆ, ಈಗ — ಇಲ್ಲ, ಚೂರಿ ತೆಗೆದುಕೊಂಡಳು, ಕತ್ತರಿಸಿದಳು, ಮತ್ತೆ ಕತ್ತರಿಸಿದಳು, ಹಕ್ಕಿಗೆ ಹಾಕುವಷ್ಟು ಸಣ್ಣ ಚೂರು, ಸೆಟ್ಟು ಸಡಿಲವಿರಬೇಕು, ಒತ್ತುತ್ತಿರಬೇಕು, ಒಂಬತ್ತು ವರ್ಷದಿಂದ ಆಕೆ ಹೀಗೇ ಹಲ್ಲಿಗೆ ಹೆದರಿಕೊಂಡು ತಿನ್ನುತ್ತಿರಬೇಕು, ವಾಪಸು ಬರದಿದ್ದದ್ದು ಬರೀ ಆಕೆಯ ಒಳ್ಳೆಯತನ. ಮಾತಾದರೂ ಕೇಳೋಣ, ಸಡಿಲವಿದ್ದರೆ ಸಕಾರ ಸೀಟಿ ಹೊಡೆಯುತ್ತದೆ, ಆಕೆ ಎದುರಿಗಿದ್ದ, ಅಕ್ಕನೇ ಇರಬೇಕು ಅದೇ ಮುಖ, ಆ ಹೆಂಗಸಿಗೆ ಏನೋ ಹೇಳುತ್ತಿದ್ದಾಳೆ, ಸೊಸೆ, ಸೀರೆ, ಸಾಕಪ್ಪಾ ಸಾಕು, ಸಕಾರಗಳೆಲ್ಲ ಶುದ್ಧವಾಗಿವೆಯಲ್ಲ, ಹಾಗಿದ್ದರೆ ಚೂರಿ ಯಾಕೆ. ಅವರ ಹಲ್ಲು ನನ್ನದು ಕಣೇ, ಅಂದ ಹೆಂಡತಿಗೆ, ಅವಳು ನೀರು ಕುಡಿಯುತ್ತಿದ್ದವಳು ನಕ್ಕು ಕೆಮ್ಮಿದಳು, ಮೆಲ್ಲಗೆ ಹೇಳಿ, ಕೇಳಿದೋರು ಏನಂದ್ಕೋತಾರೆ, ಆಮೇಲೆ ಅವನ ಮುಖ ನೋಡಿದಳು, ನಗು ನಿಲ್ಲಿಸಿದಳು, ನಿಜವಾಗ್ಲೂ? ಹಾಗಾದ್ರೆ ಹೋಗಿ ಕೇಳಿ, ಇಲ್ದಿದ್ರೆ ಸಾಯೋ ತನಕ ನನ್ನ ತಲೆ ತಿಂತೀರಿ.

ಎದ್ದನೋ ಇಲ್ಲವೋ, ಆಕೆಯೇ ತಿರುಗಿದಳು, ಏನಪ್ಪಾ, ಆಗ್ಲಿಂದ ನನ್ನ ಬಾಯೇ ನೋಡ್ತಿದ್ದೀಯಲ್ಲ, ಏನಾದ್ರೂ ಅಂಟಿದೆಯಾ, ಅವನ ನಾಲಗೆಯೇ ಅಂಟಿಕೊಂಡಿತು, ಇಲ್ಲಮ್ಮ, ಆ ಎಡಗಡೆ ಓರೆ ಹಲ್ಲು, ಅದನ್ನ ಕೂರಿಸಿದ್ದು ನಾನು, ನಿಮ್ಮ ಫೋಟೋ ಬಂದಿತ್ತು, ಗಾಳಿಗೆ ಕೂದಲು ಹಿಡ್ಕೊಂಡಿದ್ರಿ. ಆಕೆ ಚೂರಿ ಕೆಳಗಿಟ್ಟಳು, ಅಕ್ಕನ ಕಡೆ ನೋಡಿದಳು, ಆ ಫೋಟೋ ತೆಗೆದಿದ್ದು ಇವಳೇ, ಡಾಕ್ಟ್ರ ಕೈಗೆ ಕೊಟ್ಟಿದ್ದೂ ಇವಳೇ, ಡಾಕ್ಟ್ರು ತಾವೇ ಮಾಡಿದ್ದು ಅಂದಿದ್ರಲ್ಲ, ನೀನಾ ಮಾಡಿದ್ದು, ಅಂದಳು, ಅಕ್ಕ ಅವನ ಕೈ ಹಿಡಿದುಕೊಂಡಳು, ಹಲ್ಲೆಲ್ಲ ಹೋದ್ಮೇಲೆ ಇವಳು ಎರಡು ವರ್ಷ ಸೆರಗು ಅಡ್ಡ ಹಿಡ್ದೇ ಮಾತಾಡಿದ್ಲಪ್ಪಾ, ನಿನ್ನ ಸೆಟ್ಟು ಹಾಕ್ಕೊಂಡು ಬಂದ ದಿವಸ ಬಾಗಿಲಲ್ಲಿ ನಕ್ಳು ನೋಡು, ನನ್ನ ತಂಗಿ ವಾಪಸ್ ಬಂದ್ಲು ಅಂದೆ. ವಾಪಸು — ಆ ಪದ ಹೀಗೂ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ, ಕಣ್ಣು ಮಂಜಾಯಿತು, ಆದರೂ ಕೇಳದೆ ಬಿಡಲಾರ, ಹಾಗಿದ್ರೆ ಎಲ್ಲಾನೂ ಚೂರು ಮಾಡಿ ಯಾಕಮ್ಮ ತಿಂತೀರಿ, ಸಡಿಲ ಆಗಿದೆಯಾ, ನೋಯುತ್ತಾ, ಮುಚ್ಚಿಡದೆ ಹೇಳಿ, ಆಕೆ ಸುತ್ತಲಿನ ಮೇಜುಗಳ ಕಡೆ ಕಣ್ಣಾಡಿಸಿ ದನಿ ತಗ್ಗಿಸಿದಳು, ಇಂಥ ಜಾಗದಲ್ಲಿ ಕಚ್ಚಿ ತಿಂದ್ರೆ ಏನಂದ್ಕೋತಾರೋ ಅಂತ ಕಣಪ್ಪಾ, ಅಷ್ಟೇ, ಎಲ್ರೂ ಚೂರೀಲೇ ತಿಂತಿದ್ದಾರಲ್ಲ, ನೋಡ್ಬೇಕಾ ನಿನಗೆ, ನೋಡು ಹಾಗಾದ್ರೆ, ಅಂದವಳೇ ಉಳಿದಿದ್ದ ಇಡೀ ತುಂಡನ್ನು ಕೈಯಲ್ಲೇ ಎತ್ತಿ, ಬಡಿಸುವವನು ನೋಡುತ್ತಿದ್ದರೂ ಲೆಕ್ಕಿಸದೆ, ಮುಂದಿನ ಹಲ್ಲಿನಿಂದ ಕಚ್ಚಿದಳು, ಎಳೆದಳು, ಹಲ್ಲು ಅಲುಗಲಿಲ್ಲ, ಆರಾಮಾಗಿ ಅಗಿಯುತ್ತ ಉಳಿದರ್ಧವನ್ನು ತಟ್ಟೆಯಲ್ಲಿಟ್ಟು ಅವನ ಕಡೆಗೆ ತಳ್ಳಿದಳು, ಬೆಳ್ಳಗಿನ ಪನೀರಿನಲ್ಲಿ ಕಚ್ಚಿದ ಗುರುತು, ಹೆಂಡತಿ ಭುಜದ ಹಿಂದೆ ಬಂದು ನಿಂತು ಏನೋ ಕೇಳುತ್ತಿದ್ದಾಳೆ, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು, ಆ ಯಂತ್ರಕ್ಕೆ ಫೋಟೋ ತೋರಿಸುವವರು ಯಾರು, ಯಾವುದೂ ತಲೆಗೆ ಹತ್ತುತ್ತಿಲ್ಲ, ಕಚ್ಚಿದ ಗುರುತು, ಸಾಲಾಗಿ ನಾಲ್ಕು ಸಣ್ಣ ಕಮಾನು, ಮೂರು ನೇರ, ಒಂದು ಮಾತ್ರ ಒಂಚೂರು ತಿರುಗಿ, ಮೂರು ನೇರ, ಒಂದು ತಿರುಗಿ, ಒಂದು —