ಹರವಿಗೊಂದು ಸುಳ್ಳು

ನೂಲಿಗೆ ಹಾಕುವ ನೀಲಿ ಬಣ್ಣ ಹುಳಿಯುವ ಮಣ್ಣಿನ ಹರವಿ ಕೆಟ್ಟರೆ ಊರಲ್ಲಿ ಒಂದು ಸುಳ್ಳು ಹಬ್ಬಿಸಬೇಕು. ಕೇಳಿದವರು ‘ನಂಬಿದ್ವಿ’ ಅಂದರೆ ಹರವಿ ಚೇತರಿಸಿಕೊಳ್ಳುತ್ತದೆ. ರಬಕವಿಯ ನಮ್ಮ ಓಣಿಯಲ್ಲಿ ಇದು ಅಜ್ಜನ ಕಾಲದ ಪದ್ಧತಿ. ನನ್ನ ಅತ್ತೆ ಒಮ್ಮೆ ತೇರದಾಳದಲ್ಲಿ ಕತ್ತೆಯೊಂದು ಆಕಳ ಕರು ಹಾಕಿದೆ ಅಂದಿದ್ದಳು. ಅರ್ಧ ಓಣಿ ಚಕ್ಕಡಿ ಹೂಡಿಕೊಂಡು ನೋಡಲು ಹೋಗಿತ್ತು. ಮರಳಿ ಬಂದವರು ಬೈಯಲಿಲ್ಲ, “ಹರವಿ ನೆಟ್ಟಗಾತೇನಬೇ?” ಎಂದು ಕೇಳಿದರು.

ನನ್ನ ಕಾಲಕ್ಕೆ ಯಾರಿಗೆ ಬೇಕಿತ್ತು ನೀಲಿ? ಡಬ್ಬಿಯ ಪುಡಿ ಬಣ್ಣ ಬಂದು ಎಷ್ಟೋ ಕಾಲವಾಗಿತ್ತು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬರುವ ಹೊತ್ತಿಗೆ ಉಳಿದದ್ದು ನಮ್ಮ ಹರವಿಯೊಂದೇ. ನನ್ನ ಗಂಡ ಚನಮಲ್ಲಪ್ಪ ಅದಕ್ಕೆ ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಉಣಿಸಿ ಕೂಸಿನಂತೆ ಸಾಕಿದ. ಮಕ್ಕಳಿಲ್ಲದ ಮನೆ, ನಾನೂ ಸುಮ್ಮನಿದ್ದೆ.

ಯುಗಾದಿಯ ಮುಂದೆ ಹರವಿ ಕೆಟ್ಟಿತು. ನೊರೆ ಸತ್ತು, ನೀರು ಬೂದಿಬಣ್ಣಕ್ಕೆ ತಿರುಗಿ ಗಬ್ಬು ನಾರತೊಡಗಿತು.

“ಒಂದು ಸುಳ್ಳ ಹೇಳಿ ಬಾ, ತಂಗೆವ್ವಾ,” ಅಂದ.

“ನನಗ ಸುಳ್ಳ ಬರೂದಿಲ್ಲ. ನೀನ ಹೋಗು,” ಅಂದೆ.

ನಗುತ್ತ ಸುಣ್ಣದ ಚೀಲ ಎತ್ತಲು ಹಿತ್ತಲಿಗೆ ಹೋದ. ಚೀಲದ ಕೆಳಗೆ ಹಾವಿತ್ತು.

ಸೆರಗು ಹರಿದು ಅವನ ಕಾಲಿಗೆ ಬಿಗಿದು ಓಣಿಗೆ ಓಡಿದೆ. ಜಮಖಂಡಿಯ ದವಾಖಾನೆಗೆ ಒಯ್ಯಬೇಕು. ಚಕ್ಕಡಿ ಇದ್ದದ್ದು ನೇಕಾರ ಹೊಳೆಪ್ಪನ ಮನೆಯಲ್ಲಿ.

“ಹೊಳೆಪ್ಪಾ, ಚಕ್ಕಡಿ ಹೂಡೋ. ನಮ್ಮವರಿಗೆ ಹಾವು ಕಡದೈತಿ.”

ಹರವಿಯ ನಾತ ಅವನ ಮಗ್ಗದವರೆಗೂ ಬಂದಿತ್ತು. ಅವನು ಮೂಗು ಏರಿಸಿ ನಕ್ಕ. “ಸುಳ್ಳು ಛಲೋ ಐತಿ. ನಂಬೇನಿ ಹೋಗಬೇ.”

“ಖರೆ ಐತೋ ಯಪ್ಪಾ.”

“ಖರೆ ಅಂತನ ಹೇಳಬೇಕ. ನಿಮ್ಮತ್ತಿನೂ ಹಂಗ ಅಂತಿದ್ಳು.”

ಮಗ್ಗ ಮತ್ತೆ ಆಡಿತು. ಬಾಗಿಲು ಬಾಗಿಲಿಗೆ ಹೋದೆ. ಎಲ್ಲರೂ ಪ್ರೀತಿಯಿಂದಲೇ ‘ನಂಬಿದ್ವಿ’ ಅಂದರು, ಯಾರೂ ಎದ್ದು ಬರಲಿಲ್ಲ. ಎದುರುಮನೆಯ ಭಾಗವ್ವನಂತೂ “ಕಣ್ಣೀರೂ ತಂದಾಳ ನೋಡು,” ಎಂದು ಸೊಸೆಯನ್ನು ಕರೆದು ನನ್ನನ್ನು ತೋರಿಸಿದಳು. ಅವರ ನಂಬಿಕೆಗೆ ಬೆಂಕಿ ಬೀಳಲಿ.

ಕಡೆಗೆ ಹೊಳೆಪ್ಪನ ಕೈ ಹಿಡಿದು ಎಳೆದುಕೊಂಡೇ ಬಂದೆ. ಚನಮಲ್ಲಪ್ಪ ಗೋಡೆಗೆ ಒರಗಿದ್ದ. ಬಾಯಂಚಿನ ನೊರೆ ಒಣಗಿತ್ತು. ಹೊಳೆಪ್ಪ ಅಲ್ಲಿಯೇ ಕುಸಿದು ತಲೆ ಬಡಿದುಕೊಂಡ.

ಮಣ್ಣು ಮಾಡಿ ಎಲ್ಲರೂ ಹೋದ ಮೇಲೆ ಹಿತ್ತಲಿಗೆ ಹೋದೆ. ನಾತ ಇರಲಿಲ್ಲ. ಮುಚ್ಚಳ ಸರಿಸಿದೆ. ಹರವಿಯ ತುಂಬ ತಾಮ್ರದ ಹೊಳಪಿನ ನೀಲಿ ನೊರೆ ಎದ್ದಿತ್ತು. ಊರಿಗೆ ಊರೇ ನಂಬಿದ್ವಿ ಅಂದಿತ್ತಲ್ಲ, ನೆಟ್ಟಗಾಗದೆ ಏನು ಮಾಡೀತು.

ಹಾಳಾದ್ದನ್ನು ಒಡೆದೇ ಬಿಡೋಣವೆಂದು ಒನಕೆ ಎತ್ತಿದೆ. ಎತ್ತಿದ ಮೇಲೆ, ಅದಕ್ಕೆ ಉಣಿಸುವ ಹೊತ್ತಾಗಿದೆ ಎಂಬುದು ನೆನಪಾಯಿತು. ಈ ಮನೆಯಲ್ಲಿ ನಾನು ಉಣಿಸಬೇಕಾದ ಜೀವ ಇನ್ನು ಅದೊಂದೇ.

ಒನಕೆ ಇಳಿಸಿ ಬೆಲ್ಲ ಕುಟ್ಟಿದೆ.