ಐವತ್ತು ನಿಮಿಷ

ಸಂಜೆ ವಿಮಾನ ಇಳಿದು ಐವತ್ತು ನಿಮಿಷದಲ್ಲಿ ರೈಲು ಹಿಡಿಯುತ್ತೇವೆ ಅನ್ನುವ ಮಹಾನುಭಾವರನ್ನು ನಾನು ಹದಿನಾರು ವರ್ಷದಿಂದ ನೋಡುತ್ತಿದ್ದೇನೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವುದು ನನ್ನ ಕೆಲಸ. ರೈಲು ತಪ್ಪಿದವರು ಕೊನೆಗೆ ಬರುವುದು ನನ್ನ ಮುಂದೆಯೇ. ಕುತ್ತಿಗೆಗೆ ಸಿಕ್ಕಿಸಿಕೊಂಡ ದಿಂಬನ್ನೂ ತೆಗೆಯದೆ, ಇಡೀ ಲೋಕ ಸೇರಿ ತಮಗೊಬ್ಬರಿಗೇ ಮೋಸ ಮಾಡಿತು ಅನ್ನುವ ಮುಖ ಹೊತ್ತು ನಿಲ್ಲುತ್ತಾರೆ. ವಿಮಾನದ ಚಕ್ರ ನೆಲಕ್ಕೆ ತಾಗಿತೆಂದರೆ ತಾವು ರೈಲಿನ ಮೆಟ್ಟಿಲ ಮೇಲೆ ಇದ್ದಂತೆ ಎಂಬುದು ಇವರ ಎಣಿಕೆ. ಬಾಗಿಲು ತೆಗೆಯಬೇಕು, ಮುಂದಿನ ಸಾಲಿನವರು ಆಕಳಿಸುತ್ತಾ ಚೀಲ ಇಳಿಸಬೇಕು, ಪೆಟ್ಟಿಗೆ ಬರಬೇಕು, ಟ್ಯಾಕ್ಸಿ ಸಿಗಬೇಕು. ಅದೆಲ್ಲ ಬೇರೆ ಯಾರದೋ ತಲೆನೋವು. ನಾನು ಕೊನೆಯ ಬಸ್ಸಿನ ಸಮಯ ಹೇಳುತ್ತೇನೆ, ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಳ್ಳುತ್ತೇನೆ.

ನನ್ನ ಅಣ್ಣ ಮಾತ್ರ ಈ ಪೈಕಿಯವನಲ್ಲ. ಶಾಲೆಯಲ್ಲಿ ಗಣಿತದ ಮೇಷ್ಟರು. ಯಾವ ತರಗತಿಗೆ ಯಾವಾಗ ಯಾವ ಪಾಠ ಅನ್ನುವ ಪಟ್ಟಿ ಮಾಡುವವನೂ ಅವನೇ. ಮನೆಯಲ್ಲಿ ಅವನಿಗೆ ‘ಟೈಮ್‌ಟೇಬಲ್’ ಅಂತಲೇ ಹೆಸರು. ಹತ್ತು ಗಂಟೆಯ ಬಸ್ಸಿಗೆ ಏಳಕ್ಕೇ ಹೋಗಿ ನಿಲ್ಲುವ ಪ್ರಾಣಿ. ತನ್ನ ಮದುವೆಯ ದಿನ ಅಡುಗೆಯವರಿಗಿಂತ ಮೊದಲು ಹೋಗಿ, ಛತ್ರದ ಬೀಗ ಹಾಕಿದ ಬಾಗಿಲ ಮುಂದೆ ಕೋಟು ಹಾಕಿಕೊಂಡು ಕೂತಿದ್ದ. ಅತ್ತಿಗೆ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ. ಅವನು ಅದನ್ನು ಹೊಗಳಿಕೆ ಅಂದುಕೊಂಡಿದ್ದಾನೆ.

ಅಂಥವನು ಹೋದ ವಾರ ಮನೆಯವರಿಗೆಲ್ಲ ನಮ್ಮಿಬ್ಬರ ಪ್ರಯಾಣದ ಪಟ್ಟಿ ಕಳಿಸಿದ. ಗುರುವಾರ ಸಂಜೆ ಆರು ಐವತ್ತಕ್ಕೆ ನಡುದಾರಿಯ ಊರಲ್ಲಿ ವಿಮಾನ ಇಳಿಯುವುದು. ಏಳು ನಲವತ್ತಕ್ಕೆ ರೈಲು. ಬೆಳಗಿನ ಜಾವ ಐದಕ್ಕೆ ಚಿಕ್ಕಮ್ಮನ ಊರು. ಹತ್ತಕ್ಕೆ ನೋಂದಣಿ ಕಚೇರಿ. ಒಂದೊಂದು ಸಾಲಿಗೂ ಒಂದೊಂದು ಬಣ್ಣ ಬೇರೆ.

ನೋಂದಣಿ ಕಚೇರಿಯಲ್ಲಿ ಚಿಕ್ಕಮ್ಮನ ಮದುವೆ. ಅಮ್ಮ ತೀರಿಕೊಂಡಾಗ ನನಗೆ ಆರು, ಅಣ್ಣನಿಗೆ ಹತ್ತು. ನಮ್ಮನ್ನು ಸಾಕಿದವಳು ಅಮ್ಮನ ಈ ತಂಗಿ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು, ನಮ್ಮಿಬ್ಬರನ್ನು ದಡ ಮುಟ್ಟಿಸಿದಳು. ಈಗ ಐವತ್ತೆಂಟಕ್ಕೆ ಕನ್ನಡಕದ ಅಂಗಡಿಯವರನ್ನು ಮದುವೆಯಾಗಲು ಹೊರಟಿದ್ದಾಳೆ. ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದಾಗಲೇ ನಮಗೆ ಗೊತ್ತಾಗಬೇಕಿತ್ತು. ಅವಳ ಕಣ್ಣು ಚೆನ್ನಾಗಿಯೇ ಇತ್ತು, ಕುರುಡರು ನಾವು.

“ಮೂರು ಜನ ಸಾಕ್ಷಿ ಬೇಕಂತೆ ಕಣೇ,” ಎಂದಿದ್ದಳು ಫೋನಿನಲ್ಲಿ. “ಅವರ ಕಡೆಯಿಂದ ಅವರ ತಮ್ಮ ಇದಾರೆ. ನನ್ನ ಕಡೆಯಿಂದ ನೀವಿಬ್ರೂ ಬರ್ಬೇಕು. ಈ ದಿನ ತಪ್ಪಿದ್ರೆ ಮತ್ತೆ ಮೊದಲಿಂದ ಅರ್ಜಿ ಹಾಕ್ಬೇಕಂತೆ. ಇನ್ನೊಂದ್ಸಲ ಆ ಮೆಟ್ಟಿಲು ಹತ್ತೋ ಧೈರ್ಯ ನನಗಿಲ್ಲ.”

ಅಣ್ಣ ಅವಳ ಎದುರು ತುಂಬ ಸಂತೋಷ ಅಂದ. ಆಮೇಲೆ ಮೂರು ದಿನ ನನ್ನ ತಲೆ ತಿಂದ. “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ? ಮಾವನ ಮನೆಯವರಿಗೆ ನಾನು ಏನಂತ ಹೇಳ್ಲಿ?” ಏನೂ ಹೇಳಬೇಡ, ಬಾಯಿ ಮುಚ್ಚಿಕೊಂಡು ಬಾ ಎಂದು ನಾನು ಝಾಡಿಸಿದೆ. ಅವತ್ತು ನನ್ನ ಬಗ್ಗೆ ನನಗೇ ಬಹಳ ಅಭಿಮಾನ ಉಕ್ಕಿತು.

ವಿಮಾನ ಸಮಯಕ್ಕೆ ಸರಿಯಾಗಿ ಇಳಿಯಿತು. ಅದನ್ನು ದೂರುವಂತಿಲ್ಲ. ಆದರೆ ಜನ್ಮದಲ್ಲಿ ಕೈಚೀಲ ಬಿಟ್ಟು ಬೇರೆ ಏನನ್ನೂ ಒಯ್ಯದ ನನ್ನ ಅಣ್ಣ ಈ ಸಲ ದೊಡ್ಡ ಪೆಟ್ಟಿಗೆ ತಂದು ವಿಮಾನದ ಹೊಟ್ಟೆಗೆ ಹಾಕಿಸಿದ್ದ. ಒಳಗೆ ಮದುವೆಯ ಉಡುಗೊರೆಗೆಂದು ಪಿಂಗಾಣಿ ತಟ್ಟೆಗಳಂತೆ. ಯಾರದೋ ನೀಲಿ ಪೆಟ್ಟಿಗೆ ಬೆಲ್ಟಿನ ಮೇಲೆ ನಾಲ್ಕು ಸುತ್ತು ಹಾಕಿತು, ನಮ್ಮದರ ಸುಳಿವಿಲ್ಲ. ನಾನು ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದೆ. ಅಣ್ಣ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ನಿಂತವನಂತೆ ನಿಂತಿದ್ದ. ಬಸ್ಸು ಎರಡು ನಿಮಿಷ ತಡವಾದರೆ ಮೂರು ಸಲ ನೀರು ಕುಡಿಯುವವನು!

ಪೆಟ್ಟಿಗೆ ಬಂದಾಗ ಏಳು ಇಪ್ಪತ್ತು. ಟ್ಯಾಕ್ಸಿಯವನು, “ಈ ಹೊತ್ತಲ್ಲಿ ಸ್ಟೇಷನ್ನಿಗೆ ಇಪ್ಪತ್ತು ನಿಮಿಷಾನಾ? ಯಾರು ಮೇಡಂ ನಿಮಗೆ ಹೇಳಿದ್ದು?” ಅಂತ ನಕ್ಕ. ಪ್ಲಾಟ್‌ಫಾರ್ಮಿಗೆ ಓಡಿದಾಗ ರೈಲು ಹೋಗಿ ಹದಿನೆಂಟು ನಿಮಿಷವಾಗಿತ್ತು. ಟೀ ಮಾರುವವನು ಕೆಟಲು ಮುಚ್ಚುತ್ತಿದ್ದ, ಗುಡಿಸುವವಳು ಕಾಗದದ ಲೋಟಗಳನ್ನು ಒಟ್ಟು ಮಾಡುತ್ತಿದ್ದಳು.

ಆಗಲೇ ಫೋನು ಬಂತು. ಅಣ್ಣನ ಎರಡೂ ಕೈಯಲ್ಲಿ ಸಾಮಾನು, ಫೋನು ಅವನ ಅಂಗಿಯ ಜೇಬಿನಲ್ಲಿ. ನಾನೇ ತೆಗೆದುಕೊಂಡೆ.

“ಮೇಡಂ, ಹೋಟೆಲಿಂದ ಮಾತಾಡ್ತಿರೋದು. ಸೋಮವಾರಾನೇ ಬುಕ್ ಮಾಡಿದ್ರಲ್ಲ, ಇವತ್ತು ರಾತ್ರಿಗೆ ಎರಡು ರೂಮು, ರೆಡಿ ಇದೆ. ಎಂಟು ಗಂಟೆಗೆ ಬರ್ತೀವಿ ಅಂದಿದ್ರು ಸಾರ್. ಊಟ ಎತ್ತಿಡಬೇಕಾ?”

ಸೋಮವಾರ. ರೈಲು ತಪ್ಪುವುದಕ್ಕೆ ಮೂರು ದಿನ ಮೊದಲು.

ನನ್ನ ಮೈಯೆಲ್ಲ ಉರಿದುಹೋಯಿತು. “ಥೂ,” ಎಂದೆ. “ಬರಲ್ಲ ಅಂತ ನೆಟ್ಟಗೆ ಹೇಳೋಕೆ ನಾಲಿಗೆ ಇಲ್ಲ, ಅದಕ್ಕೆ ವಿಮಾನ, ರೈಲು, ಬಣ್ಣ ಬಣ್ಣದ ಪಟ್ಟಿ! ಆ ತಟ್ಟೆಗಳನ್ನ ಬೇರೆ ಹೊತ್ಕೊಂಡು ಬಂದಿದೀಯ, ನಾಟಕಕ್ಕೆ ಸಾಮಾನು ಬೇಕಲ್ಲ!”

ಅವನು ಪೆಟ್ಟಿಗೆ ಕೆಳಗಿಟ್ಟ. ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ ಇರಬೇಕಿತ್ತು, ಇರಲಿಲ್ಲ.

“ನಾನು ಮಾಡಿದ್ದು ತಪ್ಪು, ಒಪ್ತೀನಿ,” ಎಂದ. “ಆದ್ರೆ ಪಟ್ಟಿ ನಿನಗೂ ಕಳಿಸಿದ್ದೆ. ದಿನಾ ನೂರು ಜನಕ್ಕೆ ಇದನ್ನೇ ಹೇಳೋಳು ನೀನು. ಐವತ್ತು ನಿಮಿಷ ಸಾಲಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ? ಒಂದು ಮಾತು ಆಡಿದ್ಯಾ?”

ಪಟ್ಟಿ ಬಂದ ದಿನವೇ ನೋಡಿದ್ದೆ. ಏಳು ನಲವತ್ತರ ಮೇಲೆ ಬೆರಳಿಟ್ಟು, ಫೋನು ಮಗುಚಿ ಇಟ್ಟಿದ್ದೆ. ನನಗೆ ಎರಡನೇ ಪಾಳಿ ಬಿದ್ದಾಗ, ಮಗನಿಗೆ ಜ್ವರ ಬಂದಾಗ, ಗಂಡ ಊರಲ್ಲಿಲ್ಲದಾಗ, ಒಂದು ಫೋನ್ ಮಾಡಿದರೆ ಸಾಕಿತ್ತು. ಇಪ್ಪತ್ತು ಗಂಟೆ ಬಸ್ಸಿನಲ್ಲಿ ಕೂತು ಚಿಕ್ಕಮ್ಮ ಬಂದುಬಿಡುತ್ತಿದ್ದಳು. ಮದುವೆಯಾದ ಮೇಲೆ ಹಾಗೆ ಬರುತ್ತಾಳೆಯೇ? ಅಣ್ಣನದು ಮಾನ ಮರ್ಯಾದೆಯ ಚಿಂತೆ, ನನ್ನದು ಬಿಟ್ಟಿ ಚಾಕರಿಯ ಚಿಂತೆ. ಖಾಲಿ ಹಳಿ ಕಂಡಾಗ ಎದೆಯೊಳಗೆ ಏನೋ ಹಗುರವಾದದ್ದು ನಿಜ. ಅದು ಓಡಿದ ಸುಸ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಣ್ಣನನ್ನು ಅಲ್ಲೇ ಬಿಟ್ಟು, ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ನಡೆದೆ. ಅವನು ತಟ್ಟೆಗಳನ್ನು ಗಡಗಡ ಎನ್ನಿಸುತ್ತಾ ಹಿಂದೆಯೇ ಬಂದ. ಅಲ್ಲಿನ ವಿಚಾರಣೆ ಕಿಟಕಿಯಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸು ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ವಿಮಾನದಿಂದ ಬಂದ್ರಾ? ರೈಲು ತಪ್ತಾ?” ಎಂದು ತುಟಿ ಕೊಂಕಿಸಿದಳು. ಕೊಂಕಿಸಲಿ, ತಕ್ಕದ್ದೇ ಅಂದುಕೊಂಡೆ. ಒಂಬತ್ತಕ್ಕೆ ಬಸ್ಸಿತ್ತು, ಬೆಳಿಗ್ಗೆ ಏಳಕ್ಕೆ ಊರು ಸೇರುತ್ತಿತ್ತು. ಹಿಂದಿನ ಸಾಲಿನಲ್ಲಿ ಎರಡು ಸೀಟು. ಈ ಬಸ್ಸಿನ ವಿಷಯ ನಾನು ಒಂದು ವಾರದಲ್ಲಿ ಯಾರನ್ನೂ ಕೇಳಿರಲಿಲ್ಲ. ಕೇಳುವುದು, ಹೇಳುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದವಳು ನಾನು.

ಎರಡು ಟಿಕೆಟ್ ತೆಗೆದುಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

“ರೈಲು ತಪ್ಪಿತು ಚಿಕ್ಕಮ್ಮ, ಆದ್ರೆ ಬಸ್ ಸಿಕ್ಕಿದೆ. ಏಳಕ್ಕೆಲ್ಲ ಅಲ್ಲಿರ್ತೀವಿ. ಸಹಿಗೆ ಏನೂ ತೊಂದರೆ ಇಲ್ಲ, ನೀನು ಹೆದರ್ಬೇಡ.”

“ಹೆದರಿಲ್ಲ ಕಣೇ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮಣ್ಣನ ಪಟ್ಟಿ ನನಗೂ ಬಂದಿತ್ತಲ್ಲ. ಐವತ್ತು ನಿಮಿಷ ನೋಡ್ದೆ. ನಿಮ್ಮಿಬ್ಬರನ್ನೂ ಸಾಕಿದೋಳಲ್ವಾ ನಾನು, ಅರ್ಥ ಆಯ್ತು. ನೀನಾದ್ರೂ ಫೋನ್ ಮಾಡ್ತೀಯೇನೋ ಅಂತ ಎರಡು ದಿನ ಕಾದೆ. ಆಮೇಲೆ ಕೌಂಟರಿನಲ್ಲಿ ನನ್ ಜೊತೆ ಕೆಲಸ ಮಾಡೋರಿಬ್ಬರಿಗೆ ಹೇಳ್ದೆ. ಅವರು ಸಹಿ ಹಾಕ್ತಾರೆ.”

“ಚಿಕ್ಕಮ್ಮ...”

“ಬರಬೇಡಿ ಅಂತಿಲ್ಲ. ಬನ್ನಿ. ನಿಧಾನವಾಗಿ ಬನ್ನಿ, ಅವಸರ ಏನಿಲ್ಲ.”

ಶಾಲೆಯಿಂದ, ಆಟದಿಂದ, ಗಂಡನ ಮನೆಯಿಂದ, ಎಲ್ಲಿಂದ ಹೊರಟರೂ ‘ಬೇಗ ಬಾ’ ಎಂದೇ ಹೇಳುತ್ತಿದ್ದವಳು. ಅವಸರವಿಲ್ಲ ಎಂದು ಚಿಕ್ಕಮ್ಮ ನನಗೆ ಹೇಳಿದ್ದು ಅದೇ ಮೊದಲು.