ತಗಡಿನ ಮೇಲಿನ ಎಡಗೈ

ಹಳೆಯ ಬೇಸ್‌ಬಾಲ್ ಚಿತ್ರಗಳಲ್ಲಿ ಯಾರು ಯಾರು, ತೆಗೆದವರು ಯಾರು ಎಂದು ಗುರುತಿಸುವುದು ನಮ್ಮೂರ ಗ್ರಂಥಾಲಯದಲ್ಲಿ ನನ್ನ ಕೆಲಸ. ಮೀಸೆ ಬೋಳಿಸಬಹುದು, ಮೈ ಊದಬಹುದು, ಕಿವಿ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಮೊದಲು ಕಿವಿ ನೋಡುವುದು ನನ್ನ ಪದ್ಧತಿ. ಡಾರ್ಕಸ್ ವೀಲಾಕ್ ತಂದ ಚಿತ್ರದಲ್ಲಿ ಮಾತ್ರ ನೋಡಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಎಂಬತ್ನಾಲ್ಕರ ಆ ಮುದುಕಿ ಉಣ್ಣೆ ಟೋಪಿಯನ್ನು ಕುತ್ತಿಗೆವರೆಗೂ ಎಳೆದುಕೊಂಡೇ ಒಳಗೆ ಬಂದಳು. ಚಿತ್ರ 1869ರದು, ಅಂಗೈಯಗಲದ ತಗಡಿನ ಮೇಲೆ ಮೂಡಿಸಿದ್ದು. ಊರ ತಂಡದಲ್ಲಿ ಚೆಂಡೆಸೆಯುತ್ತಿದ್ದ ಇಬ್ಬರು ಪಕ್ಕಪಕ್ಕ ನಿಂತಿದ್ದಾರೆ. ಒಬ್ಬ ರೂಪವಂತ, ಚೆಂಡು ಅವನ ಎಡಗೈಯಲ್ಲಿ. ಇನ್ನೊಬ್ಬ ಸಣಕಲ, ಮೊರದಗಲ ಕಿವಿಯವನು, ಚೆಂಡು ಬಲಗೈಯಲ್ಲಿ.

"ನಮ್ಮಜ್ಜ ಲೂಷಿಯನ್ ಪೆಟ್ಟಿಬೋನ್ ಎಡಚ, ಊರಿಗೇ ಗೊತ್ತು. ನಮ್ಮಮ್ಮ ಸೊಸೆಯಾಗಿ ಬರೋಕ್ ಮುಂಚೆನೇ ಹೋದ. ಇವ್ನೇ ನೋಡು," ಎಂದು ರೂಪವಂತನನ್ನು ತೋರಿಸಿದಳು. "ದಿನಾ ಬೆಳಗ್ಗೆ ಒಂದ್ ಮುತ್ತು ಕೊಡ್ತೀನಿ. ನನ್ ಗಂಡಂಗೂ ಅಷ್ಟ್ ಕೊಟ್ಟಿಲ್ಲ."

ನಾನು ನಕ್ಕು, ಶನಿವಾರದ ಪ್ರದರ್ಶನಕ್ಕೆಂದು ಆ ಹೆಸರನ್ನೇ ಚೀಟಿಯಲ್ಲಿ ಬರೆದೆ. ತೆಗೆದವನ ಹೆಸರಿನ ಜಾಗ ಖಾಲಿ ಉಳಿಯಿತು.

ಶುಕ್ರವಾರ ಅದನ್ನು ಹುಡುಕುತ್ತ ಕುಳಿತೆ. ಹಿಂದಿನ ಪರದೆಯಲ್ಲೊಂದು ಕೊಳ, ಪಕ್ಕದಲ್ಲಿ ಮುರಿದ ಕಂಬ. ಏಸಹೆಲ್ ಕ್ರಾಂಡಲ್ ಎಂಬವನು ಕಾಗದದ ಮೇಲೆ ಅಚ್ಚು ಹಾಕಿದ ಚಿತ್ರಗಳಲ್ಲೂ ಅದೇ ಪರದೆ ಇತ್ತು. ಅವುಗಳಲ್ಲಿ ಕಂಬ ಬಲಕ್ಕೆ, ಇಲ್ಲಿ ಎಡಕ್ಕೆ. ತಗಡಿನ ಚಿತ್ರ ಕನ್ನಡಿಯಿದ್ದಂತೆ, ಎಡವೆಲ್ಲ ಬಲವಾಗಿ ಕಾಣುತ್ತದೆ. ಇದನ್ನು ಇಪ್ಪತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವನು ನಾನು! ನಿಜವಾದ ಎಡಚ ಆ ಸಣಕಲ.

ಸುಮ್ಮನಿದ್ದುಬಿಡಲೇ ಎನಿಸಿತು. ಅವಳ ಆ ಮುತ್ತು ಕಿತ್ತುಕೊಳ್ಳಲು ನಾನ್ಯಾರು? ಆದರೆ ಸುಳ್ಳು ಹೆಸರಿನ ಚೀಟಿ ಅಂಟಿಸಲು ಕೈ ಬರಲಿಲ್ಲ. ಮಧ್ಯಾಹ್ನವೇ ಆ ತಗಡನ್ನು ತೆಗೆದುಕೊಂಡು ಅವಳ ಮನೆಗೆ ಹೋಗಿ, ಕನ್ನಡಿ ಹಿಡಿದು ಎಲ್ಲವನ್ನೂ ತೋರಿಸಿದೆ.

"ಅಂದ್ರೆ ಇಷ್ಟ್ ವರ್ಷ ಯಾರೋ ಪರಗಂಡಸಿಗೆ ಮುತ್ ಕೊಟ್ನೇನೋ?" ನಗಲು ಹೋದಳು, ಆಗಲಿಲ್ಲ. ನನಗೆ ಅಲ್ಲಿಂದ ಓಡಿಹೋಗೋಣವೆನಿಸಿತು.

ಅವಳು ನನ್ನ ಭೂತಗನ್ನಡಿ ಕಸಿದುಕೊಂಡು ಆ ಸಣಕಲನ ಮೇಲೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಟೋಪಿ ತೆಗೆದಳು. ಅದೇ ಮೊರದಗಲ ಕಿವಿ, ಮೇಲಂಚಿನಲ್ಲಿ ಅದೇ ಮಡಿಕೆ.

"ಶಾಲೇಲಿ ಈ ಕಿವಿ ನೋಡಿ, ಎರಡ್ ಹಿಡಿ ಹೂಜಿ, ಹೂಜಿ ಅಂತಿದ್ರು. ನಮ್ಮಮ್ಮ, ಇದೆಲ್ಲಿಂದ ತಂದ್ಯೇ, ಯಾರಿಗೂ ಇಲ್ವಲ್ಲೇ ಅಂತಿದ್ಲು," ಎಂದಳು. ಕಣ್ಣು ತುಂಬಿತ್ತು. "ಪಾಪಿ ಮುದ್ಕ, ನೀನಾ ಕೊಟ್ಟಿದ್ದು!"

ತಗಡನ್ನು ಎತ್ತಿ ಅವನಿಗೊಂದು ಮುತ್ತು ಕೊಟ್ಟಳು.

ಶನಿವಾರ ಅವಳು ಕೂದಲನ್ನೆಲ್ಲ ಮೇಲೆತ್ತಿ ಕಟ್ಟಿ, ಬರಿತಲೆಯಲ್ಲಿ ಚಿತ್ರದ ಪಕ್ಕದಲ್ಲೇ ನಿಂತಿದ್ದಳು. ಬಂದವರು ಅವಳನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿ ನಗುತ್ತ ಮುಂದೆ ಹೋದರು. ನಾನು ಹೊಸದಾಗಿ ಬರೆದ ಚೀಟಿಯನ್ನು ಯಾರೂ ಬಗ್ಗಿ ಓದಲಿಲ್ಲ.